ಪಟ್ಟಿಯಲ್ಲಿ ಇಲ್ಲದ ಮಾತು

ಮೊನ್ನೆ ಹಿತ್ತಲಿನಲ್ಲಿ ನಾರಿಗೆಂದು ಪುಂಡಿ ಕಟ್ಟಿಗೆ ನೆನೆಹಾಕಿದ ನೀರು ಕೊಳೆತು ನಾತ ಎದ್ದಿತ್ತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಮಾವಾರ, ಒಳಗ ಬರ್ರಿ, ವಾಸನಿ ತಲಿಗೇರತೈತಿ" ಅಂದಳು. ನಾನು ಏಳಲಿಲ್ಲ. ಹಗ್ಗದವನ ಮೈಗೂ ಕೈಗೂ ಸದಾ ಇದೇ ವಾಸನೆ ಇರುತ್ತಿತ್ತು...

ನಾನಾಗ ರೋಣದಲ್ಲಿ ಮಾಸ್ತರ. ನರಗುಂದದ ಗದ್ದಲಕ್ಕೆ ಮುಂಚಿನ ಸುಗ್ಗಿಯಲ್ಲಿ ಅರಳೆ ಇಳಿಸಿ ಕುಮಟೆಯಿಂದ ಮರಳಿದ ಚಕ್ಕಡಿಗಳ ಸಂಗಡ ಅವನು ಬಂದ. ಜ್ವರ ಬಂತೆಂದು ಹಡಗಿನವರು ಅವನನ್ನು ದಂಡೆಯಲ್ಲೇ ಬಿಟ್ಟು ಹೋಗಿದ್ದರಂತೆ. ಅವನು ಹೇರಿಗೆ ಹಾಕಿದ ಗಂಟು ಘಟ್ಟದ ದಾರಿಯಲ್ಲೂ ಸಡಿಲವಾಗದ್ದನ್ನು ಕಂಡು ಗಾಡಿಯವರು ರೋಣದವರೆಗೂ ಕರೆತಂದಿದ್ದರು. ಚಪ್ಪಟೆ ಮೂಗು, ಸಣ್ಣ ಕಣ್ಣು, ಸದಾ ನಗುಮುಖ. ಹೆಸರು ಹೇಳಿದ್ದ, ನಮ್ಮ ನಾಲಿಗೆಗೆ ಹತ್ತಲಿಲ್ಲ, ಹಗ್ಗದವನೆಂದೇ ಕರೆದೆವು. ನಮ್ಮ ಮಾತನ್ನು ಮಾತ್ರ ಅವನು ಬೇಗ ಕಲಿತ. ಶಾಲೆಯ ಹಿಂದಿನ ಚಪ್ಪರದಲ್ಲಿ ಪುಂಡಿ ನಾರು ಹೊಸೆಯುತ್ತ ಕೂಡುತ್ತಿದ್ದ. ಸವಡಿ, ಜಕ್ಕಲಿಯ ಒಕ್ಕಲಿಗರೆಲ್ಲ ಅವನ ಹಗ್ಗಕ್ಕೇ ಬರುತ್ತಿದ್ದರು.

ಅವನ ದೇಶ ಬಿಕೋಲ. ಎಲ್ಲಿದೆಯೋ ದೇವರೇ ಬಲ್ಲ. ಮನಿಲಾ ಎನ್ನುವ ಬಂದರಿನಿಂದ ಆಚೆ, ಸಮುದ್ರದ ನಡುವೆ ಎಂದು ಕೈ ಬೀಸುತ್ತಿದ್ದ. ನನಗೋ ಮಾತುಗಳ ಹುಚ್ಚು. ಅವನು ಹೇಳಿದ್ದನ್ನೆಲ್ಲ ಕಾಗದದ ಮೇಲೆ ಪಟ್ಟಿ ಮಾಡತೊಡಗಿದೆ. ಅಕ್ಕಿಗೆ ಬಗಾಸ್. ನೀರಿಗೆ ತುಬಿಗ್. ನಾಯಿಗೆ ಆಯಾಮ್. ಮನೆಗೆ ಹಾರೋಂಗ್ ಎಂದು ಬರೆಸಿದವನು ಮರುದಿನ ಬಂದು, ನೆಲದ ಮೇಲೆ ಒಂದು ಕಲ್ಲಿಟ್ಟು, ಇದು ಬೆಂಕಿ ಉಗುಳುವ ಗುಡ್ಡ ಎಂದ. ಗುಡ್ಡದ ಈಚೆಗೆ ಹಾರೋಂಗ್, ಅತ್ತ ಸರೋವರದ ಸೀಮೆಯಲ್ಲಿ ಬಾಲೋಯ್ ಅಂತೆ.

"ಒಂದ ದೇಶ, ಮನಿಗೆ ಎರಡು ಮಾತು? ಹ್ಯಾಂಗೋ ಮಾರಾಯಾ?" ಅಂದೆ.

"ಎರಡಲ್ಲ, ಭಾಳ ಅದಾವ್ರಿ. ಹೊಳಿ ದಾಟಿದ್ರ ಬ್ಯಾರೆ," ಎಂದು ನಕ್ಕ.

ನನಗೆ ತಲೆ ಕೆಟ್ಟಿತು. ಪಟ್ಟಿಗೆ ಮತ್ತೊಂದು ಸಾಲು ಎಳೆದು, ಗುಡ್ಡದ ಈಚೆ, ಆಚೆ ಎಂದು ಬರೆದೆ. ಇಡೀ ರೋಣದಲ್ಲಿ ಈ ಭಾಷೆ ಬಲ್ಲವ ನಾನೊಬ್ಬನೇ ಎಂದು ಒಳಗೊಳಗೇ ಬೀಗಿದೆ. ಸುಳ್ಳೇಕೆ, ಕಂಡಕಂಡವರ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ.

ಆಮೇಲೆ ನರಗುಂದದ ಅರಸ ಕಂಪನಿ ಸರಕಾರದ ಮೇಲೆ ತಿರುಗಿಬಿದ್ದು ಬೆಂಕಿ ಹತ್ತಿತು. ಕೋಟೆ ಬಿದ್ದ ಮೇಲೆ ಊರೂರಿಗೆ ಕಂಪನಿಯ ದಂಡು ಬಂದು, ಗುರುತಿಲ್ಲದವರನ್ನೆಲ್ಲ ಹಿಡಿಯುತ್ತಿತ್ತು. ಒಂದು ಮುಂಜಾನೆ ಹಗ್ಗದವನನ್ನು ಚಾವಡಿಗೆ ಎಳೆತಂದರು. ದಂಗೆಗೆ ಸೇರಿ ಓಡಿಬಂದ ಸಿಪಾಯಿ ಇವನು, ಬಾಯಿಗೆ ಬಂದಂತೆ ಒದರಿ ಪರದೇಶಿಯ ಸೋಗು ಹಾಕಿದ್ದಾನೆ ಎಂಬುದು ದಂಡಿನ ಜಮಾದಾರನ ಗುಮಾನಿ. ಗಾಡಿಯವರೋ ಕುಮಟೆಯ ದಾರಿಯಲ್ಲಿದ್ದರು, ಅವನು ಹಡಗಿನಿಂದ ಇಳಿದವನೆಂಬುದಕ್ಕೆ ಬೇರೆ ಸಾಕ್ಷಿ ಯಾರೂ ಇರಲಿಲ್ಲ. ನಾನೇ ಪಟ್ಟಿ ಹಿಡಿದು ಓಡಿದೆ.

"ಜಮಾದಾರ ಸಾಹೇಬ್ರ, ಇಂವ ಖರೇ ಪರದೇಶಿ ಅದಾನ್ರಿ. ನಾ ಕೇಳ್ತೀನಿ, ಇಂವ ಹೇಳ್ತಾನ, ಪಟ್ಟಿಗೆ ಹೊಂದತೈತೇನು ನೋಡ್ರಿ," ಅಂದೆ.

ಜಮಾದಾರ ಪಟ್ಟಿಯನ್ನು ಊರ ಗೌಡರ ಕೈಗೆ ಕೊಟ್ಟು, ಆಗಲಿ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಸಿಪಾಯಿಯೊಬ್ಬ ಹಗ್ಗದವನ ಬಟ್ಟೆಯ ಗಂಟು ಬಿಚ್ಚಿ ಸುರುವಿದ. ಅದರಲ್ಲಿ ಕಿರಿಸ್ತಾನರು ಪೂಜಿಸುವ ತಾಯಿಯ ಗೇಣುದ್ದದ ಕಟ್ಟಿಗೆಯ ಮೂರ್ತಿ ಇತ್ತು. ಹಗ್ಗದವ ದಿನಾ ಅದರ ಮುಂದೆ ಮೊಣಕಾಲೂರುತ್ತಿದ್ದ. ಸಿಪಾಯಿ ಅದನ್ನು ಕಾಲಿನಿಂದ ಸರಿಸಿದ. ಹಗ್ಗದವನ ಮುಖ ಕೆಂಪಾಯಿತು. ಆ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ.

"ಅಕ್ಕಿಗೆ ಏನಂತೀಪಾ?" ಎಂದು ಕೇಳಿದೆ.

"ಲಾಸ್ಗಾಸ್!"

ಗೌಡರು ಪಟ್ಟಿ ನೋಡಿ ನನ್ನ ಮುಖ ನೋಡಿದರು. ಗಾಬರಿಯಲ್ಲಿ ತಪ್ಪಿರಬೇಕು ಅಂದುಕೊಂಡೆ. ನೀರಿಗೆ? "ಕಾಲಿಗ್ತಿಗ್!" ನಾಯಿಗೆ? "ಡಮಾಯೋ!" ಸಿಪಾಯಿಯ ಕಡೆಗೆ ಕಣ್ಣು ಬಿಟ್ಟು ಚೀರುತ್ತಿದ್ದ. ಗುಡ್ಡದ ಈಚೆಯ ಸಾಲಿನಲ್ಲೂ ಇಲ್ಲ, ಆಚೆಯದರಲ್ಲೂ ಇಲ್ಲ. ಏನಿದು? ಇಷ್ಟು ತಿಂಗಳು ನನಗೆ ಹೇಳಿಕೊಟ್ಟದ್ದು ಸುಳ್ಳೇ? ಇಲ್ಲಾ ಈಗ ಹೇಳುತ್ತಿರುವುದು ಸುಳ್ಳೇ?

"ಮಾಸ್ತರ, ನಿಮ್ಮನ್ನ ಚಲೋ ಮಂಗ್ಯಾ ಮಾಡ್ಯಾನ," ಎಂದು ಜಮಾದಾರ ನಕ್ಕ. ಚಾವಡಿಯಲ್ಲಿದ್ದವರೂ ನಕ್ಕರು. "ಈ ಮಾತು ನಿಮ್ಮ ಪಟ್ಯಾಗ ಅದಾವೋ ಇಲ್ಲೋ, ಅಷ್ಟ ಹೇಳ್ರಿ."

ಗುಡ್ಡದ ಇನ್ನೊಂದು ಮಗ್ಗುಲಿನ ಮಾತಿರಬಹುದು ಎನ್ನಬಹುದಿತ್ತು. ಹೊಳೆ ದಾಟಿದರೆ ಬೇರೆ ಎಂದು ಅವನೇ ಹೇಳಿದ್ದ. ಆದರೆ ಆ ನಗು ನನ್ನನ್ನು ಚುಚ್ಚಿತು... "ಇಲ್ರಿ," ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವನು ಹೊಸೆದ ಹಗ್ಗದಿಂದಲೇ ಅವನನ್ನು ಬಿಗಿದು ಧಾರವಾಡದ ಕಡೆಗೆ ನಡೆಸಿದರು. ಗಾಡಿಯವರು ಮರಳಿದವರೇ ಧಾರವಾಡಕ್ಕೆ ಹೋಗಿ ವಿಚಾರಿಸಿದರು. ಒಬ್ಬರು ಸೆರೆಮನೆ ಅಂದರಂತೆ, ಒಬ್ಬರು ಗಲ್ಲು ಅಂದರಂತೆ. ನಿಜ ಏನೆಂದು ಈವತ್ತಿಗೂ ತಿಳಿಯದು.

ಎಷ್ಟೋ ವರ್ಷಗಳ ಮೇಲೆ ಅರಳೆ ಗಾಡಿ ಹತ್ತಿ ಕುಮಟೆಗೆ ಹೋಗಿದ್ದೆ. ದಂಡೆಯಲ್ಲಿ ಹಾಯಿ ಹೊಲಿಯುತ್ತಿದ್ದ ಮುದುಕನ ಮುಖ ನೋಡಿ ಅಲ್ಲೇ ನಿಂತುಬಿಟ್ಟೆ. ಅದೇ ಮೂಗು, ಅದೇ ಕಣ್ಣು. ಅವನಲ್ಲ, ಆದರೆ ಅವನ ದೇಶದವನು. ನಿಮ್ಮ ಕಡೆ ಅಕ್ಕಿಗೆ ಏನೆನ್ನುತ್ತೀರಿ ಎಂದು ಕೇಳಿದೆ. ಬಗಾಸ್ ಅಂದ. ಹಾಗಾದರೆ ಲಾಸ್ಗಾಸ್ ಅಂದರೆ?

ಮುದುಕ ಹೊಟ್ಟೆ ಹಿಡಿದು ನಕ್ಕ. "ಅದೂ ಅಕ್ಕಿಯೇ. ಸಿಟ್ಟು ಬಂದರೆ ನಮ್ಮಲ್ಲಿ ಹಾಗೆ ಹೇಳೂದು. ನೀರು, ನಾಯಿ, ಎಲ್ಲಕ್ಕೂ ಸಿಟ್ಟಿನ ಮಾತು ಬೇರೆಯೇ ಉಂಟು. ಯಾರು ಒಡೆಯಾ ನಿಮಗೆ ಬೈದದ್ದು?"

"ನನಗಲ್ರಿ," ಅಂದೆ. ತಿರುಗಿ ಗಾಡಿಯ ಕಡೆಗೆ ನಡೆದೆ.

ಆ ಪಟ್ಟಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ತೆಗೆದು ನೋಡುವ ಧೈರ್ಯವಿಲ್ಲ, ಸುಡುವ ಮನಸ್ಸೂ ಇಲ್ಲ. ಈಗ ವಯಸ್ಸಾಯಿತು, ಕಲಿಸಿದ ಎಷ್ಟೋ ಮಕ್ಕಳ ಮುಖ ಮರೆತಿದ್ದೇನೆ, ಅವನದೊಂದು ಮರೆಯುವುದಿಲ್ಲ. ಜೀವಮಾನವಿಡೀ ಉತ್ತರ ತಿದ್ದಿದ ಮಾಸ್ತರ ನಾನು. ಅಂದು ಕೇಳಿದ ಮೂರಕ್ಕೆ ಮೂರನ್ನೂ ಅವನು ಸರಿಯಾಗಿಯೇ ಹೇಳಿದ್ದ.