ಎಂಟು ಹುಣಸೆ ಬೀಜ

ಪಾಪುವಿಗೆ ಕಾಯಿಲೆ ಇಲ್ಲ! ಇವತ್ತು ಮಧ್ಯಾಹ್ನ ಮಗ ಕಡೂರಿನಿಂದ ಫೋನ್ ಮಾಡಿದ. ರಕ್ತದ ರಿಪೋರ್ಟ್ ಕೈಗೆ ಬಂತಂತೆ.

"ಅವ್ವ, ಪಾಪುಗೆ ಏನೂ ಇಲ್ಲ ಕಣವ್ವ."

"ಇನ್ನೊಂದ್ಸಲ ಹೇಳು," ಅಂದೆ. ಹೇಳಿದ. "ಇನ್ನೊಂದ್ಸಲ."

"ಬಸ್ ಬಂತು, ಇಡವ್ವ!"

ರಾಗಿ ಹಿಟ್ಟಿನ ಕೈಯಲ್ಲೇ ಸೊಸೆಯನ್ನು ತಬ್ಬಿಕೊಂಡೆ. ಅವಳ ಸೀರೆಯೆಲ್ಲ ಹಿಟ್ಟಾಯಿತು. ಇಬ್ಬರೂ ಅತ್ತೆವು, ಅಳುತ್ತಲೇ ನಕ್ಕೆವು.  

ಪಾಪುವಿನ ಅಕ್ಕನಿಗೆ, ನನ್ನ ದೊಡ್ಡ ಮೊಮ್ಮಗಳಿಗೆ, ಈಗ ಎಂಟು ವರ್ಷ. ಅವಳಿಗಿರುವುದು ಸಿಕಲ್ ಸೆಲ್. ರಕ್ತದ ಕಣ ದುಂಡಗಿರದೆ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದಂತೆ. ರಾಗಿ ಕುಯ್ದ ಕೈ ನನ್ನದು. ಕುಡುಗೋಲು ತಾಗಿದರೆ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಮೊದಲು ನಮಗೇನು ಗೊತ್ತಿತ್ತು? ಅವಳಿಗೆ ಎರಡು ವರ್ಷವಿದ್ದಾಗ ಕೈಕಾಲು ಊದಿಕೊಂಡವು. ನಾನು "ಉಷ್ಣ" ಅಂದೆ. ನಮ್ಮ ಕಡೆ ಕಣ್ಣು ಉರಿದರೂ ಉಷ್ಣ, ಹೊಟ್ಟೆ ಕೆಟ್ಟರೂ ಉಷ್ಣ. ನೆತ್ತಿಗೆ ಹರಳೆಣ್ಣೆ ತಟ್ಟಿ, ಚಳಿಗಾಲದ ಬೆಳಿಗ್ಗೆ ತೊಟ್ಟಿಯ ತಣ್ಣೀರಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದೆ. ಮಗು ಚೀರಿತು. "ಉಷ್ಣ ಇಳೀತೈತೆ, ಅಳ್ಲಿ ಬಿಡು," ಎಂದು ಸೊಸೆಯನ್ನು ತಡೆದೆ. ಮೂರು ದಿನ ಹಾಗೇ ಮಾಡಿದೆ.

ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಹೇಳಿದರು: "ಅಜ್ಜಿ, ಈ ಕಾಯ್ಲೇಲಿ ಚಳಿ ತಗುಲಿದ್ರೆ ನೋವು ಜಾಸ್ತಿ. ಮೈ ಬೆಚ್ಚಗಿಡಿ, ನೀರು ಚೆನ್ನಾಗಿ ಕುಡಿಸಿ."

 ಸೊಸೆ ಆವತ್ತು ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು.

ಆವತ್ತಿನಿಂದ ನೀರು ಕುಡಿಸುವುದು ನನ್ನ ಕೆಲಸ. ದಿನಕ್ಕೆ ಎಂಟು ಲೋಟ. ಲೆಕ್ಕ ತಪ್ಪದಿರಲೆಂದು ಎಂಟು ಹುಣಸೆ ಬೀಜ ಇಟ್ಟೆ. ಒಂದು ಲೋಟ ಕುಡಿದರೆ ಒಂದು ಬೀಜ ಈ ಬಟ್ಟಲಿಂದ ಆ ಬಟ್ಟಲಿಗೆ. ಕಳ್ಳಿ, ಕುಡಿಯದೆಯೇ ಬೀಜ ಎಸೆದುಬಿಡುತ್ತಿದ್ದಳು. ಒಂದು ಮಳೆಗಾಲ ತುಳಸಿಕಟ್ಟೆಯಲ್ಲಿ ನಾಲ್ಕು ಹುಣಸೆ ಸಸಿ ಎದ್ದಾಗಲೇ ನನಗೆ ಗೊತ್ತಾಗಿದ್ದು! ದಿನಾ ಮಾತ್ರೆ, ಮೇಲೆ ಸ್ವೆಟರ್, ತರೀಕೆರೆಯ ಮದುವೆಗೆ ಹೋದರೂ ಫ್ಲಾಸ್ಕಿನಲ್ಲಿ ಬಿಸಿನೀರು. ನೋವು ಬಂದ ದಿನ ಕಾಲು ನೀವುತ್ತಾ ನೀವುತ್ತಾ ನನ್ನ ಬೆರಳುಗಳೇ ಮರಗಟ್ಟುತ್ತಿದ್ದವು.

ಎರಡನೆಯದು ಹುಟ್ಟಿದಾಗ, ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಈ ಕಾಯಿಲೆಯ ಅರ್ಧ ಅಂಶ ಇರುವುದರಿಂದ ಇದಕ್ಕೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರಮ್ಮ. ವರ್ಷ ತುಂಬಲಿ, ಖಚಿತವಾಗಿ ನೋಡೋಣ ಎಂದರು. ಆ ವರ್ಷವೆಲ್ಲ ಪಾಪು ಅತ್ತಾಗ ನಾನು ಹಸಿವು ಎಂದುಕೊಳ್ಳಲಿಲ್ಲ. ಮೊದಲು ಪಾದ ಹಿಡಿದು ಊದಿದೆಯೇ ಎಂದು ನೋಡುತ್ತಿದ್ದೆ.

ಸಂಜೆ ಮಗ ಬಂದ. ಮುದ್ದೆ, ಅವರೆಕಾಳು ಸಾರು, ಮೇಲೆ ಶಾವಿಗೆ ಪಾಯಸ. ಎಲ್ಲರೂ ಸಾಲಾಗಿ ಕೂತೆವು. ದೊಡ್ಡವಳು ತನ್ನ ಬೀಜದ ಬಟ್ಟಲು ನೋಡುತ್ತಾ ಕೇಳಿದಳು:

"ಅಜ್ಜಿ, ಪಾಪುಗೆ ಬೀಜ ಬೇಡ್ವಾ?"

"ಬೇಡ ಕಣವ್ವ."

"ಹಂಗಾದ್ರೆ ನಂಗೊಬ್ಳಿಗೇನಾ?"

 ನನ್ನ ಯಜಮಾನರು ಮೊಮ್ಮಗಳತ್ತ ಕೈ ಚಾಚಿದರು. "ಲೇ, ನಂಗೂ ಎಂಟು ಎಣಿಸ್ಕೊಡೇ. ಕಾಫಿ ಬಿಟ್ರೆ ನಾನೆಲ್ಲಿ ನೀರು ಕುಡೀತೀನಿ?"

"ಮೋಸ ಮಾಡಂಗಿಲ್ಲ ತಾತ. ತುಳಸಿಕಟ್ಟೇಗೆ ಎಸೀಬಾರ್ದು!"

ಓಡಿಹೋಗಿ ಬೀಜದ ಡಬ್ಬಿ ತಂದಳು. ತಾತನಿಗೆ ಎಂಟು, ಅಪ್ಪನಿಗೆ ಎಂಟು, ಅಮ್ಮನಿಗೆ ಎಂಟು, ನನಗೂ ಎಂಟು. ಪಾಪು ಒಂದನ್ನು ಬಾಯಿಗೆ ಹಾಕಿಕೊಳ್ಳಲು ಹೋಯಿತು, ಮಗ ಕಿತ್ತುಕೊಂಡ.

ಸೊಸೆ ನನ್ನ ಲೋಟಕ್ಕೆ ಬಿಸಿನೀರು ಬಗ್ಗಿಸಿದಳು. "ಮೊದ್ಲು ನೀವು ಕುಡೀರಿ ಅತ್ತೆ. ಎಲ್ರಿಗೂ ಕುಡಿಸ್ತೀರ, ನೀವೇ ಕುಡಿಯಲ್ಲ."

ಕುಡಿದೆ. ಒಂದು ಬೀಜ ಆಚೆಗೆ ಸರಿಸಿ, ಮುದ್ದೆ ಮುರಿದೆ.