ಒಂದೇ ಹಳ್ಳದ ನಾಲ್ಕು ಊರು

ಹತ್ತು ಜನರ ನಡುವೆ ಹಾವು ಸಾಯಲಿಲ್ಲ ಎಂಬ ಗಾದೆಯನ್ನು ನಾನು ಕಣ್ಣಾರೆ ಕಂಡದ್ದು ಬಸವನ ಬಾಗೇವಾಡಿಯ ಒಂದು ಸಭೆಯಲ್ಲಿ. ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾನಾಗ ಮುದ್ದೇಬಿಹಾಳ ಕಡೆಯ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್. ಸೂಜಿ ಚುಚ್ಚುವುದಷ್ಟೇ ಗೊತ್ತಿದ್ದ ನನ್ನನ್ನು ಜನ ಡಾಕ್ಟರ್ ಅನ್ನುತ್ತಿದ್ದರು, ನಾನೂ ತಿದ್ದುತ್ತಿರಲಿಲ್ಲ.

ಆ ವರ್ಷ ದೊಡ್ಡಬೇನೆ ಬಂದಿತ್ತು. ಬಾಯಿ ಹುಣ್ಣಾಗಿ, ಭೇದಿ ಹತ್ತಿ, ದನಗಳು ವಾರದೊಳಗೆ ಸಾಯುತ್ತಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ ಹಿರಿಯರು ಕೂಡಿ ಒಂದು ಮಾತು ಮಾಡಿಕೊಂಡರು: ಯಾವ ಊರಿಗೆ ಬೇನೆ ಬಂದರೂ ಅಂದೇ ಉಳಿದವರಿಗೆ ತಿಳಿಸಬೇಕು, ದನ ಸೀಮೆ ದಾಟಬಾರದು. ಎಲ್ಲರೂ ಕೈ ಎತ್ತಿದರು, ಸಜ್ಜಕ ಉಂಡರು, ಬಸ್ಸು ಹತ್ತಿದರು. ಊರು ಮುಟ್ಟುವುದರೊಳಗೆ ಇವರು ಮರೆಯುತ್ತಾರೆ ಎಂದು ನಾನು ಅಂದುಕೊಂಡೆ. ಹಾಗೇ ಆಯಿತು.

ಮರೆಯದೆ ಇನ್ನೇನು? ಬೇನೆ ಬಂದರೆ ದುರ್ಗವ್ವನ ಗಾಡಿ ಮಾಡುವುದು ನಮ್ಮ ಕಡೆಯ ಪದ್ಧತಿ. ಮೊಳದುದ್ದದ ಕಟ್ಟಿಗೆಯ ಗಾಡಿ, ಅದರಲ್ಲಿ ಕಟ್ಟಿಗೆಯ ದೇವಿ, ಹಸಿರು ಸೀರೆ, ಬಳೆ, ಒಣಕೊಬ್ಬರಿ. ಸತ್ತ ದನಗಳ ಹಗ್ಗವನ್ನೂ ಗಂಟೆಯನ್ನೂ ಅದಕ್ಕೇ ಕಟ್ಟಿ ಮುಂದಿನ ಊರಿನ ಸೀಮೆಯಲ್ಲಿ ಬಿಟ್ಟು, ಹಿಂತಿರುಗಿ ನೋಡದೆ ಬರಬೇಕು. ಆ ಊರಿನವರು ಅದರ ಮುಂದಿನ ಊರಿಗೆ. ಜೊಲ್ಲು ಹತ್ತಿದ ಹಗ್ಗ ಹೀಗೆ ಊರೂರು ತಿರುಗುತ್ತಿತ್ತು. ಬೇನೆ ನಮ್ಮಲ್ಲಿಲ್ಲ ಎಂದು ಪ್ರತಿ ಊರೂ ಹೇಳುತ್ತಿತ್ತು, ಪಕ್ಕದ ಊರಿನದು ಸುಳ್ಳು ಎಂದೂ ಹೇಳುತ್ತಿತ್ತು. ಎರಡನೆಯ ಮಾತು ಮಾತ್ರ ನಿಜವಿರುತ್ತಿತ್ತು.

ನಮ್ಮ ಹಳ್ಳದ ದಂಡೆಗೆ ನಾಲ್ಕು ಊರು. ಒಂದು ನನ್ನದು. ಇನ್ನೊಂದು ನನ್ನ ಅಕ್ಕನನ್ನು ಕೊಟ್ಟ ಊರು. ಗಂಡ ತೀರಿಹೋದ ಮೇಲೆ ಅವಳು ಊರ ಹೊರಗಿನ ಹೊಲದ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಬಾಳುವೆ ಮಾಡುತ್ತಿದ್ದಳು. ಅವಳ ಬದುಕೆಲ್ಲ ಒಂದು ಜೋಡಿ ಎತ್ತಿನ ಮೇಲೆ ನಿಂತಿತ್ತು. ಹಿಂಗಾರಿ ಜೋಳದ ಬಿತ್ತನೆ ಹತ್ತಿರ ಬಂದಿತ್ತು.

ನಾಲ್ಕೂ ಊರಿನ ಹೊಲಗಳಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದ ಒಬ್ಬ ಕುರಿಗಾರ ಅಜ್ಜನಿದ್ದ. ಯಾವ ಊರು ಏನು ಮುಚ್ಚಿಡುತ್ತದೆ ಎಂಬುದು ಅವನಿಗೆ ಗೊತ್ತು. ಒಂದು ದಿನ ಅವನು ಹಿರಿಯರನ್ನೆಲ್ಲ ಹಳ್ಳದ ದಂಡೆಗೆ ಕೂಡಿಸಿದ.

"ನಾಕ ತಾಲೂಕಿನ ಮಾತು ಸದ್ಯ ಬಿಡ್ರಿ," ಅಂದ. "ಒಂದ ಹಳ್ಳದ ನೀರು ಕುಡಿಯೋ ನಾಕ ಊರು ಮೊದಲ ಕೂಡೂಣು. ನಿಮ್ಮ ಕೊಟ್ಟಿಗಿ ಅವರು ನೋಡ್ಲಿ, ಅವರದು ನೀವು ನೋಡ್ರಿ. ತಮ್ಮ ಮನಿ ರೋಗ ತಮ್ಮ ಕಣ್ಣಿಗೆ ಕಾಣಂಗಿಲ್ಲ. ದನಾ ಯಾರೂ ಹಳ್ಳಕ್ಕ ಬಿಡಬ್ಯಾಡ್ರಿ, ಸೀಮಿ ದಾಟಸಬ್ಯಾಡ್ರಿ. ಗಾಡಿ ಬಂದ್ರ ಮುಂದ ದಬ್ಬಬ್ಯಾಡ್ರಿ."

ಗಾಡಿಯ ಮಾತಿಗೆ ಗದ್ದಲವೆದ್ದಿತು. ದೇವಿಯನ್ನು ಸೀಮೆಯಲ್ಲೇ ಇಟ್ಟುಕೊಂಡರೆ ಊರು ಉಳಿದೀತೇ?

"ಆಕಿ ತವರಿಗೆ ಬಂದಾಳ ಅನ್ರಿ," ಅಂದ ಅಜ್ಜ. "ತವರಿಗೆ ಬಂದ ಮಗಳನ್ನ ಹೊತ್ತು ಮುಳುಗೋದ್ರಾಗ ಯಾರರ ಹೊರಗ ಹಾಕ್ತಾರೇನು? ಉಡಿ ತುಂಬ್ರಿ, ಇರಲಿ. ಹಗ್ಗ ಅಷ್ಟ ಸುಟ್ಟು ಬಿಡ್ರಿ."

ನಾಲ್ಕೂ ಊರು ಒಪ್ಪಿದವು. ನನಗೆ ಮಾತ್ರ ಅನುಮಾನ ಹತ್ತಿತು. ದನಗಳು ಹಳ್ಳಕ್ಕೆ ಬರದಿದ್ದರೆ ದಂಡೆಯ ಹುಲ್ಲು ಯಾರ ಕುರಿಗೆ? ಎರಡು ದಿನ ಸುಳ್ಳೇ ನೆಪ ಮಾಡಿಕೊಂಡು ಆ ಕಡೆ ಸೈಕಲ್ ಹೊಡೆದೆ. ಅಜ್ಜನ ಕುರಿಗಳು ಮೇಲಿನ ಬೋಳು ದಿಬ್ಬದಲ್ಲಿ ಒಣಕಡ್ಡಿ ಮೇಯುತ್ತಿದ್ದವು. ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಮುದುಕ ಬಲು ಹುಷಾರಿ ಅನ್ನಿಸಿತು.

ಕೊಟ್ಟಿಗೆ ನೋಡುವ ಪಾಳಿ ಹಂಚಿದಾಗ ಅಕ್ಕನ ಊರು ನನ್ನ ಪಾಲಿಗೆ ಬಂತು. ಲಸಿಕೆಗೂ ದಿನ ಗೊತ್ತಾಯಿತು. ಒಂದು ಬಾಟಲಿ ಒಡೆದರೆ ನೂರು ದನಕ್ಕೆ ಸಾಕು, ಆದರೆ ಒಡೆದ ಮೇಲೆ ತಾಸೆರಡು ತಾಸಿನಲ್ಲಿ ಮುಗಿಸಬೇಕು. ಹಿಂದೆಲ್ಲ ಒಂದೂರಿನವರು ಇಪ್ಪತ್ತು ದನ ತಂದು ಉಳಿದದ್ದನ್ನು ನಾನು ಮಣ್ಣಿಗೆ ಚೆಲ್ಲಿದ್ದುಂಟು. ಈ ಸಲ ನಾಲ್ಕೂ ಊರಿನ ದನ ಒಂದೇ ಬಯಲಿಗೆ ಬರಬೇಕೆಂದು ಮಾತಾಯಿತು.

ನಾನು ಹೆದರಿದ್ದು ಅಲ್ಲೇ. ನಾಲ್ಕು ಊರಿನ ದನ ಒಂದೇ ಕಡೆ! ಯಾವನಾದರೊಬ್ಬ ಸುಳ್ಳುಗಾರ ರೋಗದ ದನವನ್ನು ನಡುವೆ ತಂದು ನಿಲ್ಲಿಸದೆ ಬಿಡುತ್ತಾನೆಯೇ? ಬಿಜಾಪುರದಿಂದ ಬಸ್ಸಿನಲ್ಲಿ ಬಂದ ಐಸು ಅರ್ಧ ನೀರಾಗಿತ್ತು, ಹೀಗಾಗಿ ಲಸಿಕೆಯ ಮೇಲೂ ನನಗೆ ನಂಬಿಕೆ ಉಳಿಯಲಿಲ್ಲ. ಹಿಂದಿನ ದಿನ ಸಂಜೆ ಅಕ್ಕನ ಮನೆಗೆ ಹೋದೆ.

"ಅಕ್ಕಾ, ಎತ್ತು ಇಲ್ಲಿ ಇಡಬ್ಯಾಡ. ಸಿಂದಗಿ ಕಡೆ ನಿನ್ನ ನಾದಿನಿ ಊರಾಗ ಬ್ಯಾನಿ ಇಲ್ಲ. ಅಲ್ಲಿ ಕಟ್ಟಿ ಬಾ."

"ಸೀಮಿ ದಾಟಸಬಾರದು ಅಂತ ಮಾತಾಗೇತೆಲ್ಲೋ?"

"ಮಾತು ಯಾರು ನಡಸ್ತಾರ? ನಿನ್ನ ಪಾಳಿ ನೋಡಾಂವ ನಾನ ಅದೀನಿ."

ನಾನು ಓದಿದವನು, ನೌಕರಿಯವನು. ಅವಳು ನನ್ನ ಮಾತು ನಂಬಿದಳು. ಬೆಳಗಾಗುವ ಮೊದಲೇ ತಾನೇ ಹಗ್ಗ ಹಿಡಿದು ಎತ್ತು ಹೊಡೆದುಕೊಂಡು ಹೋದಳು. ಬಯಲಿನಲ್ಲಿ ಅಜ್ಜ ಅಕ್ಕನ ಎತ್ತುಗಳೆಲ್ಲಿ ಎಂದು ಕೇಳಿದ. ಮನೆಯಲ್ಲೇ ಸೂಜಿ ಹಾಕಿ ಬಂದೆ ಎಂದೆ. "ಡಾಕ್ಟರು ಅಂದ ಮ್ಯಾಲ ಮುಗೀತು," ಎಂದು ಅವನು ಮುಂದಿನ ದನ ಹಿಡಿದ.

ಬಯಲಿಗೆ ಬಂದ ದನಗಳಲ್ಲಿ ಸತ್ತವು ಬೆರಳೆಣಿಕೆಯಷ್ಟು. ಅಕ್ಕನ ಎತ್ತುಗಳು ನಾದಿನಿಯ ಕೊಟ್ಟಿಗೆಯಲ್ಲಿ ಆರನೆಯ ದಿನ ಮೇವು ಬಿಟ್ಟವು. ಹಳ್ಳದ ನೀರಿನಲ್ಲೇ ಅವಕ್ಕೆ ಮೊದಲೇ ಬೇನೆ ಹತ್ತಿತ್ತು. ಎರಡೂ ಸತ್ತವು. ಅವುಗಳ ಹಿಂದೆ ನಾದಿನಿಯ ದನ ಸತ್ತವು, ಆಮೇಲೆ ಆ ಓಣಿಯವು. ನಾನು ಅಕ್ಕನಿಗೆ ಬಾಯಿ ಬಿಡಬೇಡ ಎಂದೆ.

ಬೇನೆ ಇಳಿದ ಮೇಲೆ ಬಾಗೇವಾಡಿಯಲ್ಲಿ ಮತ್ತೆ ನಾಲ್ಕು ತಾಲೂಕಿನ ಸಭೆ ಕೂಡಿತು. ನಮ್ಮ ನಾಲ್ಕೂ ಊರಿನವರು ಒಂದೇ ಜಮಖಾನೆಯ ಮೇಲೆ ಕುಳಿತಿದ್ದರು. ಹೆಂಗಸರು ಬಾಗಿಲ ಬಳಿ ನಿಂತಿದ್ದರು, ಅವರಲ್ಲಿ ಅಕ್ಕನೂ ಇದ್ದಳು. ಎಲ್ಲರೂ ನಮ್ಮ ಜಮಖಾನೆಯನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಸಿಂದಗಿ ಕಡೆಯ ಹಿರಿಯನೊಬ್ಬ ಎದ್ದ.

"ಇವರು ಗುಂಪು ಕಟ್ಟಿ ತಮ್ಮ ದನಾ ಉಳಿಸ್ಕೊಂಡಾರ್ರಿ. ಬ್ಯಾನಿ ನಮ್ಮ ಕಡೆ ದಬ್ಬ್ಯಾರ. ಇಲ್ಲಂದ್ರ ನಮ್ಮೂರಿಗೆ ಹೆಂಗ ಬಂತು?"

ಅಜ್ಜ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ನಮ್ಮ ನಾಕ ಊರಿಂದ ಒಂದು ಗೊರಸೂ ಸೀಮಿ ದಾಟಿಲ್ರಿ. ಈ ತಲಿ ಮ್ಯಾಲಿನ ರುಮಾಲಿನ ಆಣಿ."

ನಾನು ಲಸಿಕೆಯ ಲೆಕ್ಕದ ವಹಿ ಹಿಡಿದು ಅವನ ಪಕ್ಕದಲ್ಲೇ ಕುಳಿತಿದ್ದೆ. ತಲೆ ತಗ್ಗಿಸಿ ಅದರ ಹಾಳೆ ತಿರುವತೊಡಗಿದೆ. ಬಹಳ ಹೊತ್ತಾದ ಮೇಲೆ ಬಾಗಿಲ ಕಡೆಯಿಂದ ಅಕ್ಕನ ದನಿ ಕೇಳಿತು.

"ದಾಟ್ಯಾವ್ರಿ. ನಮ್ಮ ಎತ್ತು. ನಾನ ಹೊಡಕೊಂಡು ಹೋಗಿದ್ದೆ. ಅಜ್ಜಗ ಗೊತ್ತಿಲ್ಲ."

ಅಜ್ಜ ಅವಳನ್ನು ನೋಡಿದ, ನನ್ನನ್ನೂ ನೋಡಿದ. ಸಿಂದಗಿಯವರ ಕಡೆ ತಿರುಗಿ, "ಹಂಗಾರ ತಪ್ಪು ನಮ್ಮ ನಾಕೂ ಊರಿಂದು," ಅಂದ. "ನಿಮ್ಮ ಓಣಿ ಬಿತ್ತಿಗಿಗೆ ನಮ್ಮ ಎತ್ತು ಬರ್ತಾವ."

ಜಗಳವಾಗುತ್ತದೆ ಎಂದು ನಾನು ಕಾದೆ. ಸಿಂದಗಿಯ ಹಿರಿಯ ಕುಳಿತುಕೊಂಡ. "ನಮ್ಮದು ತಪ್ಪು ಅಂದವರನ್ನ ಈ ಸಭಾದಾಗ ಇವತ್ತ ಮೊದಲ ಸಲ ನೋಡಿದೆ," ಅಂದ. "ನಿಮ್ಮ ಕಟ್ಟು ಹೆಂಗೈತಿ ಹೇಳ್ರಿ. ನಮ್ಮ ಕಡೀನೂ ಐದೂರು ಒಂದ ನೀರಿಗೆ ಅದಾವು." ಇಂಡಿಯವರೂ ಹತ್ತಿರ ಸರಿದು ಕುಳಿತರು. ಮರುವರ್ಷದಿಂದ ಆ ಸಭೆಗೆ ಒಂಟಿ ಊರುಗಳು ಬರಲಿಲ್ಲ. ನಾಲ್ಕು, ಐದು, ಆರು ಊರುಗಳ ಕೂಟಗಳು ಬಂದವು, ಆಡಿದ ಮಾತು ಬಹುಪಾಲು ನಡೆಯಿತು. ಅವರು ಹೇಗೆ ಒಬ್ಬರನ್ನೊಬ್ಬರು ನಂಬಿದರೋ, ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ.

ಅಂದು ಬಸ್ಸಿನಲ್ಲಿ ಅಕ್ಕನ ಪಕ್ಕದಲ್ಲಿ ಕುಳಿತು ಬಂದೆ. ಹೂವಿನ ಹಿಪ್ಪರಗಿ ದಾಟಿದ ಮೇಲೆ ಕೇಳಿದೆ.

"ನನ್ನ ಹೆಸರು ಯಾಕ ಹೇಳಲಿಲ್ಲ ಅಕ್ಕಾ?"

ಅವಳು ಕಿಟಕಿಯ ಹೊರಗೆ ಎರೆಹೊಲಗಳನ್ನು ನೋಡುತ್ತಿದ್ದಳು.

"ನೀನ ಹೇಳ್ತಿ ಅಂತ ಬಾಳ ಹೊತ್ತು ಕಾದೆನೋ, ತಮ್ಮಾ."