ಅಪ್ಪನ ಹೊಲದಲ್ಲಿ ದಾರಿ ತಪ್ಪಿದ್ದು

ಕಳೆದ ವರ್ಷ ಶ್ರಾವಣದ ಒಂದು ಸೋಮವಾರ. ನನ್ನ ಮಗಳು ಚೈತ್ರಾಗೆ ಬೆಳಿಗ್ಗೆ ಒಂಬತ್ತಕ್ಕೆ ಇಂಟರ್‌ವ್ಯೂ ಇತ್ತು. ಚೀನಾದಲ್ಲಿ ಮಾಡಿಸುತ್ತಿದ್ದ ಕೆಲಸವನ್ನು ಒಂದು ವಿದೇಶಿ ಕಂಪನಿ ನಮ್ಮ ದೊಡ್ಡಬಳ್ಳಾಪುರದ ಕಡೆಗೆ ತಂದಿತ್ತು. ಫೋನಿನ ಬಿಡಿಭಾಗ ಮಾಡುವ ಫ್ಯಾಕ್ಟರಿ. ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷದಿಂದ ಮನೆಯಲ್ಲಿ ಕೂತಿದ್ದವಳಿಗೆ ಬಂದ ಮೊದಲ ಕರೆ ಅದು. ತಡವಾದರೆ ಒಳಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು.

ಆ ಫ್ಯಾಕ್ಟರಿ ಎದ್ದಿದ್ದು ನನ್ನ ತವರೂರಿನ ಜಮೀನುಗಳ ಮೇಲೆ. ಅಪ್ಪನ ಎರಡು ಎಕರೆಯೂ ಅದರಲ್ಲಿ ಹೋಗಿತ್ತು. ಅಣ್ಣಂದಿರು ಪೇಟೆ ಸೇರಿದ ಮೇಲೆ ನಾನು ಅತ್ತ ಹೋಗಿರಲೇ ಇಲ್ಲ. ಸ್ಕೂಟರ್ ನಾನೇ ಓಡಿಸುತ್ತಿದ್ದೆ. ಹಿಂದೆ ಕೂತ ಚೈತ್ರಾ ಮೊಬೈಲ್‌ನಲ್ಲಿ ಮ್ಯಾಪ್ ತೆಗೆದಳು.

"ಅದ್ನ ಒಳಗಿಡೇ. ಅಪ್ಪಂಗೆ ಬುತ್ತಿ ಹೊತ್ತ ದಾರಿ ಇದು, ಕಣ್ಮುಚ್ಕೊಂಡು ಹೋಗ್ತೀನಿ," ಎಂದೆ.

ನಮ್ಮಲ್ಲಿ ದಾರಿಗಳಿಗೆ ಹೆಸರಿರಲಿಲ್ಲ, ಹೊಲಗಳಿಗಿತ್ತು. ಹುಣಸೆಮರದ ಹೊಲ ದಾಟಿದರೆ ಕಟ್ಟೆ ಕೆಳಗಿನ ಹೊಲ, ಅದರ ಪಕ್ಕದ್ದು ನಮ್ಮದು. ಈಗ ನೋಡಿದರೆ ಮರವೂ ಇಲ್ಲ, ಕಟ್ಟೆಯೂ ಇಲ್ಲ. ಅಗಲವಾದ ಕಾಂಕ್ರೀಟ್ ರಸ್ತೆಗಳು, ಒಂದೇ ಥರದ ಕಾಂಪೌಂಡುಗಳು, ಬರೀ ನಂಬರಿನ ಬೋರ್ಡುಗಳು. ಮೂರು ಸುತ್ತು ಹೊಡೆದು ಮತ್ತೆ ಅದೇ ಕರೆಂಟ್ ಸ್ಟೇಷನ್ ಮುಂದೆ ಬಂದು ನಿಂತೆ. ಒಂಬತ್ತಕ್ಕೆ ಇನ್ನು ಏಳೇ ನಿಮಿಷ.

"ಮ್ಯಾಪಲ್ಲೂ ಈ ರೋಡ್ ಇಲ್ಲಮ್ಮ!" ಚೈತ್ರಾ ಅಳುವುದೊಂದು ಬಾಕಿ.

ಒಂದು ಗೇಟಿನಲ್ಲಿದ್ದ ಸೆಕ್ಯೂರಿಟಿಯವರನ್ನು ಕೇಳಿದೆ. ಒಡಿಶಾ ಕಡೆಯವರಂತೆ, ವಯಸ್ಸಾದವರು. ಕುರ್ಚಿ ಬಿಟ್ಟೆದ್ದು ರಸ್ತೆಗೇ ಬಂದರು. "ಸೀದಾ ಹೋಗಿ ಅಮ್ಮಾ. ಎರಡು ಸರ್ಕಲ್ ಬಿಟ್ಟು ಲೆಫ್ಟ್. ನೀಲಿ ಗೇಟ್," ಎಂದವರು, ನನ್ನ ಗಾಬರಿ ನೋಡಿ, "ಈ ಕಡೆಗೆ ಹೊಸಬರಾ?" ಎಂದು ಕೇಳಿದರು.

"ಹೂಂ," ಎಂದುಬಿಟ್ಟೆ. ಹುಟ್ಟಿ ಬೆಳೆದ ಊರು ಎನ್ನಲು ಯಾಕೋ ನಾಚಿಕೆಯಾಯಿತು.

ಎರಡು ನಿಮಿಷ ಬಾಕಿ ಇರುವಾಗ ಮಗಳು ಒಳಗೆ ಓಡಿದಳು. ಮಧ್ಯಾಹ್ನ ನಗುತ್ತಾ ಹೊರಗೆ ಬಂದಳು. ಕೆಲಸ ಸಿಕ್ಕಿತ್ತು. ನನಗೆ ಎಲ್ಲಿಲ್ಲದ ಖುಷಿ, ಜೊತೆಗೇ ಅಪ್ಪನ ಹೊಲ ಹೋದ ಸಂಕಟ. ಯಾವುದು ಹೆಚ್ಚಿತ್ತು ಎಂದು ಕೇಳಿದರೆ ಈಗಲೂ ಹೇಳಲಾರೆ.

ಸ್ಕೂಟರ್ ಹತ್ತುವ ಮೊದಲು ಅವಳು ಕೇಳಿದಳು: "ಅಮ್ಮಾ, ತಾತನ ಹೊಲ ಎಲ್ಲಿತ್ತು? ತೋರ್ಸು."

ಸುತ್ತ ನೋಡಿದೆ. ಏನೂ ತಿಳಿಯಲಿಲ್ಲ. ಅವಳ ಸಂತೋಷ ಕೆಡಿಸಲು ಮನಸ್ಸಾಗದೆ ಸುಮ್ಮನೆ ಒಂದು ಕಡೆ ಕೈ ತೋರಿಸಿದೆ.

ಅವಳು ಚಪ್ಪಲಿ ಬಿಟ್ಟು, ಅತ್ತ ತಿರುಗಿ ಕೈ ಮುಗಿದಳು.